ಮೂರು ಹೆಜ್ಜೆಯ ಸೇತುವೆ, ಮೂರು ಗುಂಟೆಯ ಕೊಳ

ಚೀನಾದ ಸುಝೌ ನಗರದ ಜನಸಂಖ್ಯೆ ಒಂದು ಕೋಟಿ ದಾಟಿ ವರ್ಷಗಳೇ ಆದವು. ಅದರ ಹಳೇಪೇಟೆಯಲ್ಲಿ, ಅಂಗಡಿಗಳಿಂದ ಗಿಜಿಗುಡುವ ಷಿಚುವಾನ್ ಬೀದಿಯ ಹತ್ತಿರದ ಓಣಿಯೊಂದರಲ್ಲಿ ವಾಂಗ್‌ಷಿ ಉದ್ಯಾನವಿದೆ. ಹೆಸರೇನೋ ಬಲೆ ಬೀಸುವ ಬೆಸ್ತನದು. ಕಟ್ಟಿಸಿದವರು ಮಾತ್ರ ದೊಡ್ಡ ಅಧಿಕಾರಿಗಳು. 12ನೇ ಶತಮಾನದಲ್ಲಿ ಮೊದಲು ರೂಪುಗೊಂಡು, ಪಾಳುಬಿದ್ದು, 18ನೇ ಶತಮಾನದಲ್ಲಿ ಮತ್ತೆ ಎದ್ದು ನಿಂತ ಈ ತೋಟ 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಮನೆ, ಅಂಗಳ ಎಲ್ಲ ಸೇರಿ ವಿಸ್ತೀರ್ಣ 0.54 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹದಿಮೂರು ಗುಂಟೆ. ಒಳಗೆ ಅಡ್ಡಾಡಿ ಬಂದವರಿಗೆ ಈ ಲೆಕ್ಕ ಹೇಳಿದರೆ ನಂಬುವುದು ಕಷ್ಟ.

ಚೀನೀ ಉದ್ಯಾನ ಎಂದೊಡನೆ ಬರೆಯುವವರೆಲ್ಲ ಪ್ರಕೃತಿಯ ಹಾದಿಯಲ್ಲೇ ಬಾಳು ಎನ್ನುವ ತಾವೋ ತತ್ವದತ್ತ ಹೊರಳುತ್ತಾರೆ. ತತ್ವ ಇದ್ದೇ ಇದೆ, ಇರಲಿ. ನನಗೆ ಅದಕ್ಕಿಂತ ಬೆರಗು ಹುಟ್ಟಿಸುವುದು ಅಲ್ಲಿನ ಮೇಸ್ತ್ರಿಗಳಿಗೆ ಮನುಷ್ಯನ ಕಣ್ಣು, ಕಿವಿಗಳ ಬಗ್ಗೆ ಇದ್ದ ತಿಳಿವಳಿಕೆ.

ತೋಟದ ನಡುವಿನ ಕೊಳವನ್ನೇ ನೋಡಿ. ಮೂರು-ನಾಲ್ಕು ಗುಂಟೆಗಿಂತ ದೊಡ್ಡದಲ್ಲ. ಅದರ ಆಗ್ನೇಯ ಮೂಲೆಯಲ್ಲಿ ಕಮಾನಿನ ಕಲ್ಲುಸೇತುವೆಯೊಂದಿದೆ, ಮೂರು ಹೆಜ್ಜೆಗೆ ಮುಗಿದುಹೋಗುವಷ್ಟು ಪುಟ್ಟದು. ಕಟಕಟೆ, ಮೆಟ್ಟಿಲು, ಕಮಾನು ಎಲ್ಲ ಇವೆ. ಎಲ್ಲವೂ ಕುಗ್ಗಿದ ಅಳತೆಯಲ್ಲಿ. ಇದು ಆಟಿಕೆಯಲ್ಲ, ಅಳತೆಗೋಲು. ಹತ್ತಿರದ ಸಣ್ಣ ವಸ್ತುವೂ ದೂರದ ದೊಡ್ಡ ವಸ್ತುವೂ ಕಣ್ಣಿನ ಅಕ್ಷಿಪಟಲದ ಮೇಲೆ ಒಂದೇ ಗಾತ್ರದ ಬಿಂಬ ಮೂಡಿಸಬಲ್ಲವು. ಯಾವುದು ಯಾವುದೆಂದು ತೀರ್ಮಾನಿಸಲು ಮಿದುಳು ಪರಿಚಿತ ವಸ್ತುವೊಂದನ್ನು ಹುಡುಕುತ್ತದೆ. ಸೇತುವೆ ಎಂದರೆ ಸುಮಾರು ಇಷ್ಟು ದೊಡ್ಡದು ಎಂಬ ಅಂದಾಜು ಅದಕ್ಕೆ ಮೊದಲೇ ಇರುತ್ತದೆ. ಆ ಅಂದಾಜಿನ ಮೇಲೆ ಕೊಳವನ್ನು ಅಳೆದಾಗ ನೀರು ತಾನಾಗಿ ಹಿಗ್ಗುತ್ತದೆ. ದೊಡ್ಡ ಕಟ್ಟಡಗಳನ್ನು ದಡದಿಂದ ಹಿಂದೆ ಸರಿಸಿ, ಬಂಡೆ ಮತ್ತು ಮರಗಳ ಮರೆಯಲ್ಲಿ ಇಟ್ಟಿರುವುದೂ ಇದಕ್ಕೇ. ಅವು ನೀರಿಗೆ ತಾಗಿಕೊಂಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು.

ಇನ್ನೊಂದು ಜಾಣ್ಮೆ ಮೂಲೆಗಳಲ್ಲಿದೆ. ಕೊಳದ ಎರಡು ಮೂಲೆಗಳಲ್ಲಿ ನೀರು ಕಿರಿದಾಗಿ, ಸೇತುವೆಯ ಅಡಿ ನುಸುಳಿ ಮರೆಯಾಗುತ್ತದೆ. ದಡದ ಬಂಡೆಗಳು ನೀರಿನ ಮೇಲೆ ಚಾಚಿಕೊಂಡಿರುವುದರಿಂದ ಅಂಚು ಎಲ್ಲಿ ಮುಗಿಯಿತು ಎಂಬುದೇ ಕಾಣದು. ಬೇಲಿಯಾಚೆ ನಿಂತ ಹಸುವಿನ ಮುಖವಷ್ಟೇ ಕಂಡರೂ ನಾವು ಇಡೀ ಹಸುವನ್ನು ಊಹಿಸಿಕೊಳ್ಳುತ್ತೇವಲ್ಲ, ಮಿದುಳು ಇಲ್ಲೂ ಅದನ್ನೇ ಮಾಡುತ್ತದೆ: ಮರೆಯಾದ ನೀರನ್ನು ಮುಂದುವರಿಸುತ್ತದೆ. ಪಶ್ಚಿಮ ದಡದ ಮಂಟಪದಲ್ಲಿ ದೊಡ್ಡ ಕನ್ನಡಿಯೊಂದಿದೆ. ಹುಣ್ಣಿಮೆಯಂದು ಚಂದ್ರ ಆಕಾಶದಲ್ಲೊಮ್ಮೆ, ನೀರಿನಲ್ಲೊಮ್ಮೆ, ಕನ್ನಡಿಯಲ್ಲೊಮ್ಮೆ ಕಾಣಲಿ ಎಂದು ಈ ಏರ್ಪಾಡಂತೆ. ಇದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಹಗಲಿನಲ್ಲಿ ಅದು ಸೆಲ್ಫಿಯವರ ಪಾಲು.

ಕಿವಿಯ ಸಂಗತಿ ಇನ್ನೂ ಸ್ವಾರಸ್ಯಕರ. ಉದ್ಯಾನದ ಸುತ್ತ ಆಳೆತ್ತರ ಮೀರಿದ ಬಿಳಿ ಗೋಡೆಯಿದೆ. ಗೋಡೆ ಎಲ್ಲ ಸದ್ದನ್ನೂ ಒಂದೇ ಸಮನೆ ತಡೆಯುವುದಿಲ್ಲ. 100 ಹರ್ಟ್ಜ್ ಆವೃತ್ತಿಯ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ, ಎಂಜಿನ್ ಗುಡುಗಿನ ತರಂಗದೂರ ಸುಮಾರು 3.4 ಮೀಟರ್. ಅಷ್ಟು ಉದ್ದದ ಅಲೆ ಗೋಡೆಯ ತಲೆಯ ಮೇಲಿಂದ ಸಲೀಸಾಗಿ ಬಾಗಿ ಒಳಗಿಳಿಯುತ್ತದೆ. ಇದೇ ವಿವರ್ತನೆ. ಆದರೆ 3,000 ಹರ್ಟ್ಜ್‌ನ ಕೀರಲು ಸದ್ದಿನ ತರಂಗದೂರ 11 ಸೆಂಟಿಮೀಟರ್ ಅಷ್ಟೇ. ಅದು ಅಷ್ಟಾಗಿ ಬಾಗದೆ, ಗೋಡೆಯ ಹಿಂದೆ ಸದ್ದಿನ ನೆರಳು ಬೀಳುತ್ತದೆ. ಹೀಗಾಗಿ ಊರಿನ ಮಂದ್ರ ಗುಂಯ್‌ಗುಡುವಿಕೆ ಒಳಗೂ ಇರುತ್ತದೆ. ಹಾರ್ನು, ಬ್ರೇಕು, ಕೂಗಾಟದ ಚೂಪು ಹೋಗಿರುತ್ತದೆ. ಬಿದಿರೆಲೆಯ ಸರಸರ, ಜಲ್ಲಿಯ ಮೇಲಿನ ಹೆಜ್ಜೆ, ಮೀನು ಮೇಲೆದ್ದು ಮುಳುಗಿದ ಸದ್ದು, ಇಂಥ ಸಣ್ಣ ಸದ್ದುಗಳ ವಿವರವೆಲ್ಲ ಇರುವುದು ಹೆಚ್ಚಿನ ಆವೃತ್ತಿಗಳಲ್ಲೇ. ಗೋಡೆ ಗುಡಿಸಿ ತೆರವು ಮಾಡಿದ್ದೂ ಅದೇ ಜಾಗವನ್ನು. ರಜಾದಿನಗಳಲ್ಲಿ ಗೈಡುಗಳು ಮೈಕು ಹಿಡಿದು ಬಂದರೆ ಮಾತ್ರ ಈ ಭೌತವಿಜ್ಞಾನವೆಲ್ಲ ಮಣ್ಣುಪಾಲು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಒಳಹೋಗುವುದೇ ವಾಸಿ.

ಕಲ್ಲುಗಳನ್ನು ಬಿಟ್ಟು ಸುಝೌ ಬಗ್ಗೆ ಮಾತಾಡುವಂತಿಲ್ಲ. ಇದೇ ಊರಿನ ಲ್ಯೂ ಉದ್ಯಾನದಲ್ಲಿ 6.5 ಮೀಟರ್ ಎತ್ತರದ, ಮೈಯೆಲ್ಲ ಸುಕ್ಕು ಮತ್ತು ತೂತುಗಳಿರುವ ಒಂಟಿಗಲ್ಲು ನಿಂತಿದೆ. ಪಕ್ಕದ ತಾಯ್ ಸರೋವರದ ಸುಣ್ಣಕಲ್ಲಿನ ಜಾತಿಯದು. ಮಳೆನೀರು ಗಾಳಿ, ಮಣ್ಣುಗಳಿಂದ ಇಂಗಾಲದ ಡೈಆಕ್ಸೈಡ್ ಹೀರಿ ಸೌಮ್ಯ ಆಮ್ಲವಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಅದರಲ್ಲಿ ಕರಗುತ್ತದೆ. ಬಿರುಕಿದ್ದಲ್ಲಿ ನೀರು ಹೆಚ್ಚು ಹರಿದು, ಬಿರುಕು ತೂತಾಗಿ, ತೂತು ಪೊಟರೆಯಾಗುತ್ತದೆ. ನಮ್ಮ ಯಾಣದ ಕಪ್ಪು ಶಿಖರಗಳೂ ಸುಣ್ಣಕಲ್ಲೇ, ಅಲ್ಲಿ ನಡೆದಿರುವುದೂ ಇದೇ ರಸಾಯನ ಕ್ರಿಯೆ. ಬೇಡಿಕೆ ಹೆಚ್ಚಿದಾಗ ಸುಝೌನವರು ಪ್ರಕೃತಿಗೆ ಕಾಯಲಿಲ್ಲ. ಉಳಿಯಿಂದ ತೂತು ಕೊರೆದು, ಕಲ್ಲನ್ನು ಸರೋವರಕ್ಕಿಳಿಸಿ, ಉಳಿಯ ಗುರುತನ್ನು ಅಲೆಗಳಿಂದ ಅಳಿಸಿಕೊಂಡರು. ನಕಲಿ ಎನ್ನಬೇಕೋ, ನೀರಿನ ಜತೆಗಿನ ಪಾಲುದಾರಿಕೆ ಎನ್ನಬೇಕೋ!

ಜುವೋಝೆಂಗ್ ಎಂಬ ಐದು ಹೆಕ್ಟೇರಿನ ಉದ್ಯಾನದಲ್ಲಿ ನಿಂತರೆ ಕೊಳದಾಚೆ ಗೋಪುರವೊಂದು ಕಾಣುತ್ತದೆ. 76 ಮೀಟರ್ ಎತ್ತರದ ಆ ಗೋಪುರ ಉದ್ಯಾನದ್ದಲ್ಲ, ಊರೊಳಗೆ ದೂರದಲ್ಲೆಲ್ಲೋ ಇರುವ ಬೌದ್ಧ ದೇವಾಲಯದ್ದು. ನಡುವಿನ ಮನೆ, ರಸ್ತೆಗಳನ್ನು ಮರಗಳು ಮುಚ್ಚಿರುವುದರಿಂದ ದೂರವನ್ನು ಅಳೆಯಲು ಕಣ್ಣಿಗೆ ಆಸರೆಯೇ ಇಲ್ಲ. ಗೋಪುರ ತೋಟದ ಅಂಚಿಗೇ ಬಂದು ನಿಲ್ಲುತ್ತದೆ. ಹಳೇಪೇಟೆಯಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿರುವುದರಿಂದ ಈ ನೋಟ ಇಂದಿಗೂ ಉಳಿದಿದೆ.

ಅದೇ ಉದ್ಯಾನದಲ್ಲಿ ಮಳೆ ಕೇಳಲೆಂದೇ ಕಟ್ಟಿದ ಕೋಣೆಯೊಂದಿದೆ. ಪಕ್ಕದಲ್ಲಿ ಬಾಳೆ, ತಾವರೆ. ಅಗಲವಾದ ಬಾಳೆಯೆಲೆ ಚರ್ಮವಾದ್ಯದಂತೆ ಕಂಪಿಸಿ ದಪ್ಪ ಸದ್ದು ಕೊಡುತ್ತದೆ. ತಾವರೆ ಎಲೆಯ ಮೇಲಿನ ಮೇಣ ಲೇಪಿತ ಸೂಕ್ಷ್ಮ ಉಬ್ಬುಗಳಿಗೆ ನೀರು ಅಂಟುವುದಿಲ್ಲ. ಹನಿ ಒಡೆದು ಪುಟಿದು ಉರುಳುತ್ತದೆ.

ವಾಂಗ್‌ಷಿ ಉದ್ಯಾನದ ಒಂದು ಅಂಗಳವನ್ನು ಮಾದರಿಯಾಗಿಟ್ಟುಕೊಂಡು ಸುಝೌ ಕುಶಲಕರ್ಮಿಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನೊಳಗೆ ಆಸ್ಟರ್ ಕೋರ್ಟ್ ಎಂಬ ಅಂಗಳ ಕಟ್ಟಿದರು. 1981ರಲ್ಲಿ ಅದು ಜನರಿಗೆ ತೆರೆಯಿತು. ಅಲ್ಲೂ ಬಿಳಿ ಗೋಡೆಯಿದೆ, ಕಲ್ಲುಗಳಿವೆ, ಅರೆಮಂಟಪವಿದೆ. ಕಣ್ಣಿಗೆ ಹೂಡಿದ ಉಪಾಯಗಳು ಮೂಲದಷ್ಟೇ ಚೆನ್ನಾಗಿ ಫಲಿಸುತ್ತವೆ. ಮೇಲೆ ಗಾಜಿನ ಚಾವಣಿ ಇರುವುದರಿಂದ ಮಳೆ ಮಾತ್ರ ಒಳಗೆ ಬರುವುದಿಲ್ಲ.