ಬಲೆ ಎಳೆಯುವವರ ಶಿಲ್ಪ ಎಷ್ಟು ಮಳೆಗಾಲ ನಿಂತೀತು?

ಪ್ರಶ್ನೆ: ಕಾರವಾರದಲ್ಲಿ ನಾವು ಕೆಲವು ಗೆಳೆಯರು ದಿನವೂ ಬೆಳಿಗ್ಗೆ ಕಡಲದಂಡೆಯ ಕಾಲುದಾರಿಯಲ್ಲಿ ನಡೆಯುತ್ತೇವೆ. ಅಲ್ಲಿ ರಂಪಣಿ ಬಲೆ ಎಳೆಯುವ ಮೀನುಗಾರರ ದೊಡ್ಡ ಶಿಲ್ಪವೊಂದನ್ನು ನಿಲ್ಲಿಸಬೇಕೆಂಬ ಆಸೆ ಇದೆ. ಊರವರಿಂದ ಇಪ್ಪತ್ತೈದು ಲಕ್ಷ ರೂಪಾಯಿಯವರೆಗೆ ಕೂಡಿಸಬಹುದು. ಕಂಚಿನಲ್ಲಿ ಮಾಡಿಸಬೇಕೋ, ಸ್ಟೀಲಿನಲ್ಲೋ, ಕಲ್ಲಿನಲ್ಲೋ? ಯಾವುದು ಬಾಳಿಕೆ ಬರುತ್ತದೆ?

ಉತ್ತರ: ಇದೇ ಪ್ರಶ್ನೆಯನ್ನು ಕುಮಟಾದವರು ವೃತ್ತಕ್ಕೆಂದು ಕೇಳಿದ್ದಾರೆ, ಹೊನ್ನಾವರದವರು ಬಂದರಿನ ದಾರಿಗೆಂದು ಕೇಳಿದ್ದಾರೆ. ನಿಮಗೆ ಮೊದಲು ನೇರವಾದ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಹಣಕ್ಕೆ, ನಿಮ್ಮ ಜಾಗಕ್ಕೆ ಗ್ರಾನೈಟ್ ಒಳ್ಳೆಯದು. ಮತ್ತು ದಯವಿಟ್ಟು ಬಲೆಯನ್ನು ಕೈಬಿಡಿ.

ಎರಡನೆಯ ಮಾತಿಗೆ ಬೇಸರವಾಗಿರಬಹುದು. ರಂಪಣಿ ಎಂದರೆ ಬಲೆಯೇ. ಹತ್ತಾರು ಜನ ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಹಿಡಿದು, ಹಿಂದಕ್ಕೆ ವಾಲಿ, ಬಂಗುಡೆ ತಾರ್ಲೆ ತುಂಬಿದ ಬಲೆಯನ್ನು ಮರಳಿಗೆ ಎಳೆಯುವ ಆ ನೋಟವನ್ನು ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುಗಟ್ಟುವ ಪರ್ಸೀನ್ ದೋಣಿಗಳು ಬಂದ ಮೇಲೆ ಹುಟ್ಟಿದವರು ಹೆಚ್ಚು ಕಂಡಿಲ್ಲ. ಆದ್ದರಿಂದಲೇ ಅದನ್ನು ಶಿಲ್ಪವಾಗಿಸಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಲೋಹದ ಬಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತೆಳ್ಳಗಿನ ಕಂಬಿಗಳು, ಸಾವಿರಾರು ಗಂಟುಗಳು, ಪ್ರತಿ ಗಂಟಿನಲ್ಲೂ ಒಂದು ವೆಲ್ಡಿಂಗ್, ಪ್ರತಿ ವೆಲ್ಡಿಂಗಿನ ಬುಡದಲ್ಲಿ ಕೂದಲೆಳೆಯಷ್ಟು ಸಂದು. ಉಪ್ಪುನೀರು ಬಯಲಿನಲ್ಲಿ ನಿಂತ ಲೋಹವನ್ನು ನಿಧಾನವಾಗಿ ತಿನ್ನುತ್ತದೆ, ಸಂದಿನಲ್ಲಿ ಸಿಕ್ಕಿದ್ದನ್ನು ಬೇಗ ಮುಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ, ಅದು ಗಾಳಿಯ ಆಮ್ಲಜನಕದಿಂದ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಸಂದಿನೊಳಗೆ ಆಮ್ಲಜನಕ ಹೋಗುವುದಿಲ್ಲ, ಉಪ್ಪು ಮಾತ್ರ ಹೋಗುತ್ತದೆ. ಕಡಲ ತಡಿಯ ಶಿಲ್ಪಕ್ಕೆ ಬಲೆಗಿಂತ ಕೆಟ್ಟ ಆಕಾರವನ್ನು ಬೇಕೆಂದೇ ಹುಡುಕಿದರೂ ಸಿಗದು. ಮಕ್ಕಳು ಹತ್ತುತ್ತಾರೆ, ತಲೆ ತೂರಿಸುತ್ತಾರೆ, ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಳ್ಳುತ್ತವೆ, ಅದು ಬೇರೆ.

ಒಳ್ಳೆಯ ಶಿಲ್ಪಿಗೆ ಬಲೆ ಬೇಕಾಗಿಯೂ ಇಲ್ಲ. ಹಿಮ್ಮಡಿಯನ್ನು ಮರಳಿಗೆ ಊರಿ, ಬೆನ್ನು ಬಿಲ್ಲಾಗಿಸಿ ವಾಲಿದ ಐದಾರು ಮೈಗಳನ್ನು ನಿಲ್ಲಿಸಿದರೆ ಅವರು ಎಳೆಯುತ್ತಿರುವುದು ಏನನ್ನು ಎಂದು ಕಾರವಾರದಲ್ಲಿ ಯಾರೂ ಕೇಳುವುದಿಲ್ಲ. ಹಗ್ಗದ ತುದಿ ಕಡಲಿನ ಕಡೆ ಮುಖ ಮಾಡಿ ನಿಂತರೆ ಸಾಕು, ಬಲೆ ಕಡಲಲ್ಲೇ ಇದೆ.

ಇನ್ನು ಲೋಹದ ವಿಷಯ. ಸ್ಟೀಲಿನ ಬಗ್ಗೆ ನನಗೆ ಸ್ವಂತ ಸಿಟ್ಟಿದೆ. ಹೊಸ ಮನೆಯ ಜಗಲಿಗೆ ಸ್ಟೇನ್‌ಲೆಸ್ ಕಟಕಟೆ ಹಾಕಿಸಿದಾಗ ಅಂಗಡಿಯವರು ಅಯಸ್ಕಾಂತ ತಂದು ಅಂಟಿಸಿ, ಅದು ಜಾರಿ ಬಿದ್ದದ್ದನ್ನು ತೋರಿಸಿ, ‘ಅಸಲಿ ಮಾಲು’ ಎಂದಿದ್ದರು. ಒಂದೇ ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆಲ್ಲ ಚಹಾ ಚೆಲ್ಲಿದಂಥ ಕಂದು ಕಲೆಗಳು. ಆಮೇಲೆ ತಿಳಿದದ್ದು ಇಷ್ಟು: ಮಾರುಕಟ್ಟೆಯಲ್ಲಿ ಸಿಗುವ 304 ದರ್ಜೆಯೂ, ಕಡಲ ಬದಿಗೆ ಬೇಕಾದ 316 ದರ್ಜೆಯೂ ಅಯಸ್ಕಾಂತಕ್ಕೆ ಒಂದೇ. ವ್ಯತ್ಯಾಸವಿರುವುದು 316ರಲ್ಲಿ ಬೆರೆತ ಎರಡು ಮೂರು ಶೇಕಡಾ ಮಾಲಿಬ್ಡಿನಮ್‌ನಲ್ಲಿ. ಅದನ್ನು ಪತ್ತೆ ಹಚ್ಚಲು ರಾಸಾಯನಿಕ ಹನಿ ಪರೀಕ್ಷೆ ಇದೆ, ಲೋಹದ ಬೆರಕೆಯನ್ನು ಕೈಯಲ್ಲಿ ಹಿಡಿದೇ ಅಳೆಯುವ ಎಕ್ಸ್‌ಆರ್‌ಎಫ್ ಉಪಕರಣವಿದೆ. ನೀವು ಸ್ಟೀಲನ್ನೇ ಆರಿಸಿಕೊಂಡರೆ ಈ ಪರೀಕ್ಷೆಯನ್ನು ಒಪ್ಪಂದದಲ್ಲಿ ಬರೆಸಿ, ನಿಮ್ಮ ಎದುರಿಗೇ ಮಾಡಿಸಿ. 316 ಆದರೂ ಕನ್ನಡಿಯಂತೆ ನಯ ಮಾಡಿಸಬೇಕು, ಒರಟು ಮೈಯಲ್ಲಿ ಉಪ್ಪು ಕೂರುತ್ತದೆ. ಸೋಜಿಗವೆಂದರೆ ಮಳೆ ಹೊಡೆಯುವ ಭಾಗ ಚೆನ್ನಾಗಿಯೇ ಉಳಿಯುತ್ತದೆ, ಮಳೆ ತಾಗದ ಕಂಕುಳು, ಗದ್ದದ ಅಡಿ, ತೊಡೆಯ ಹಿಂಭಾಗ ಮೊದಲು ಕೆಡುತ್ತವೆ. ಉಪ್ಪನ್ನು ತೊಳೆಯುವವರಿಲ್ಲದ ಜಾಗಗಳು ಅವು.

ಇತ್ತೀಚೆಗೆ ಪೇಟೆಗಳಲ್ಲಿ ಇಟ್ಟಿಗೆ ಬಣ್ಣದ ತುಕ್ಕನ್ನೇ ಅಲಂಕಾರವಾಗಿಸಿದ ಕಾರ್ಟೆನ್ ಉಕ್ಕಿನ ಶಿಲ್ಪಗಳ ಚಿತ್ರ ನೋಡಿ ಅದನ್ನು ಕೇಳುವವರೂ ಇದ್ದಾರೆ. ಕಡಲ ಬದಿಗೆ ಬೇಡ. ಆ ತುಕ್ಕು ಒಂದು ಹಂತಕ್ಕೆ ಬಂದು ಗಟ್ಟಿಯಾಗಿ ನಿಲ್ಲಬೇಕಾದರೆ ನೆನೆದದ್ದು ಒಣಗಬೇಕು, ಉಪ್ಪು ದೂರವಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಗುವುದು ಯಾವುದು ಹೇಳಿ? ಒಳ ಉಡುಪು ಕೂಡ ಒಲೆಯ ಮೇಲಿನ ಬಿದಿರಿಗೆ ಹೋಗುತ್ತದೆ.

ಕಂಚು ರಾಜಲೋಹ, ಅದನ್ನು ಅಲ್ಲಗಳೆಯುವುದಿಲ್ಲ. ಮೇಣದ ಅಚ್ಚಿನಿಂದ ಎರಕ ಹೊಯ್ದ ಒಳ್ಳೆಯ ಕಂಚು ಹಸಿರು ಕಿಲುಬು ಹೊದ್ದು ನಮ್ಮ ಮೊಮ್ಮಕ್ಕಳಿಗೂ ಉಳಿಯುತ್ತದೆ. ತೊಂದರೆ ಇರುವುದು ನಿಮ್ಮ ಇಪ್ಪತ್ತೈದು ಲಕ್ಷದಲ್ಲಿ. ಆಳೆತ್ತರ ಮೀರಿದ ಐದಾರು ಕಂಚಿನ ಮೈಗಳಿಗೆ ಅದು ಸಾಲುವುದಿಲ್ಲ. ಸಾಲುತ್ತದೆ ಎಂದು ಯಾರಾದರೂ ಒಪ್ಪಿಕೊಂಡರೆ ಎಲ್ಲೋ ಒಂದು ಕಡೆ ಕತ್ತರಿ ಬೀಳುತ್ತದೆ, ಕಾಣದ ಕಡೆಯೇ ಬೀಳುತ್ತದೆ: ಕಂಚಿನ ಬದಲು ಸತು ಬೆರೆತ ಹಿತ್ತಾಳೆ, ದಪ್ಪದ ಬದಲು ತಗಡು, ಒಳಗಿನ ಅಸ್ಥಿಪಂಜರಕ್ಕೆ ಸಾಮಾನ್ಯ ಕಬ್ಬಿಣ. ಉಪ್ಪುಗಾಳಿಯಲ್ಲಿ ಹಿತ್ತಾಳೆಯ ಸತು ಕರಗಿ ಹೋಗಿ ತಾಮ್ರದ ಜೊಳ್ಳು ಉಳಿಯುತ್ತದೆ. ಇನ್ನು ಕಂಚಿನ ಚರ್ಮದೊಳಗೆ ಕಬ್ಬಿಣದ ಎಲುಬು ಇಟ್ಟು ಉಪ್ಪುನೀರು ಕುಡಿಸಿದರೆ ಅದು ಬ್ಯಾಟರಿಯೇ. ಕಂಚು ಚೆನ್ನಾಗಿರುತ್ತದೆ, ಕಬ್ಬಿಣ ತನ್ನ ಪಾಲಿಗಿಂತ ಹೆಚ್ಚು ವೇಗವಾಗಿ ಸವೆಯುತ್ತದೆ. ಹೊರಗಿನಿಂದ ನೋಡುವವರಿಗೆ ಕೊನೆಯ ದಿನದವರೆಗೂ ಎಲ್ಲ ಸರಿಯಿರುತ್ತದೆ.

ಗೋವಾ ದಾಟಿದರೆ ಸಿಗುವ ಸಿಂಧುದುರ್ಗ ಜಿಲ್ಲೆಯ ಮಾಲ್ವಣದಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಅಲ್ಲಿನ ರಾಜಕೋಟ್ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣವಾದ 35 ಅಡಿಯ ಶಿವಾಜಿ ಪ್ರತಿಮೆ 2024ರ ಆಗಸ್ಟ್ 26ರಂದು ಬಿತ್ತು. ಅದು ಕಂಡದ್ದು ಒಂದೇ ಮಳೆಗಾಲ, ಅದೂ ಪೂರ್ತಿಯಲ್ಲ. ಬೀಳುವ ಕೆಲವೇ ದಿನಗಳ ಮೊದಲು ಲೋಕೋಪಯೋಗಿ ಇಲಾಖೆ ನಟ್ಟು ಬೋಲ್ಟುಗಳಿಗೆ ತುಕ್ಕು ಹಿಡಿದಿರುವುದನ್ನು ಪತ್ರ ಬರೆದು ತಿಳಿಸಿತ್ತು ಎಂದು ವರದಿಗಳು ಬಂದವು. ಅದೇ ಕಡಲು, ಅದೇ ಗಾಳಿ, ಕಾರವಾರದ ನೆರೆ. ಇತ್ತ ದಕ್ಷಿಣಕ್ಕೆ ಕಾರ್ಕಳದ ಬೈಲೂರಿನ ಬೆಟ್ಟದಲ್ಲಿ 2023ರಲ್ಲಿ ಉದ್ಘಾಟನೆಯಾದ ಪರಶುರಾಮನ ಪ್ರತಿಮೆ ನಿಜಕ್ಕೂ ಕಂಚಿನದೋ ಫೈಬರಿನದೋ ಎಂಬ ವಿವಾದ ಪೊಲೀಸ್ ಠಾಣೆ, ನ್ಯಾಯಾಲಯದವರೆಗೆ ಹೋಯಿತು. ಫೈಬರ್ ಅನ್ನು ಫೈಬರ್ ಎಂದೇ ಹೇಳಿ ನಿಲ್ಲಿಸುವುದು ತಪ್ಪಲ್ಲ. ಬಿಸಿಲಿಗೆ ಬಣ್ಣ ಹೋಗುತ್ತದೆ, ಕೆಲವು ವರ್ಷಕ್ಕೆ ಬದಲಿಸಬೇಕಾಗುತ್ತದೆ, ಅಷ್ಟೆ.

‘ಹಾಗಾದರೆ ಮುರುಡೇಶ್ವರ?’ ಎಂದು ಈ ಹಂತದಲ್ಲಿ ಎಲ್ಲರೂ ಕೇಳುತ್ತಾರೆ. 123 ಅಡಿಯ ಶಿವ 2006ರಿಂದ ಅಲೆಗಳ ಮೇಲೆಯೇ ಕುಳಿತಿದ್ದಾನಲ್ಲ. ಕುಳಿತಿದ್ದಾನೆ ಎಂಬುದನ್ನೇ ಗಮನಿಸಿ. ಬುಡ ಅಗಲವಾಗಿ, ಭಾರ ಕೆಳಗಿರುವ ಆಕೃತಿ ಅದು. ಕಾಂಕ್ರೀಟು, ಮೇಲೆ ಬಣ್ಣ, ನೋಡಿಕೊಳ್ಳಲು ಜನರಿರುವ ಕ್ಷೇತ್ರ. ಕಾಂಕ್ರೀಟಿನ ಗುಟ್ಟೆಲ್ಲ ಒಳಗಿನ ಸರಳು ಎಷ್ಟು ಆಳದಲ್ಲಿದೆ ಎಂಬುದರಲ್ಲಿದೆ. ಕಡಲ ತುಂತುರು ಹಾರುವ ಕಡೆ ಸರಳಿನ ಮೇಲೆ ಕನಿಷ್ಠ 50 ಮಿಲಿಮೀಟರ್ ಹೊದಿಕೆ, ಕನಿಷ್ಠ ಎಂ35 ಬಲದ ದರ್ಜೆಯ ಕಾಂಕ್ರೀಟು ಇರಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮೀನುಗಾರನ ಬೆರಳಿನಲ್ಲಿ, ಹಗ್ಗದಲ್ಲಿ, ಮೂಗಿನಲ್ಲಿ ಐವತ್ತು ಮಿಲಿಮೀಟರ್ ಎಲ್ಲಿಂದ ತರುತ್ತೀರಿ? ಅದಕ್ಕೇ ಊರೂರಿನ ಸಿಮೆಂಟ್ ಪ್ರತಿಮೆಗಳ ಬೆರಳುಗಳು ಮೊದಲು ಬಿರಿಯುವುದು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದಲೇ ಸೀಳುತ್ತದೆ.

ಆದ್ದರಿಂದ ಗ್ರಾನೈಟ್. ಉಪ್ಪಿಗೆ ಅದು ಸೊಪ್ಪು ಹಾಕುವುದಿಲ್ಲ. ಆದರೆ ಕಲ್ಲಿಗೆ ಕಲ್ಲಿನ ಆಕಾರ ಬೇಕು: ಚಾಚಿದ ಕೈಗಳಿಲ್ಲದೆ, ಒಬ್ಬರಿಗೊಬ್ಬರು ಒತ್ತಿ ನಿಂತ ಮೈಗಳು, ಅಥವಾ ಆಳವಾಗಿ ಕೊರೆದ ಉಬ್ಬುಶಿಲ್ಪ. ಎರಡು ತುಂಡು ಸೇರಿಸುವಲ್ಲಿ ಕಬ್ಬಿಣದ ಕೀಲು ಹಾಕಿದರೆ ಮೇಲೆ ಹೇಳಿದ ಕಥೆಯೇ ಮರುಕಳಿಸಿ ಕಲ್ಲನ್ನೂ ಸೀಳುತ್ತದೆ. ಕೀಲುಗಳು 316 ಇರಲಿ. ಕಾರ್ಕಳದಲ್ಲಿ, ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಕಲ್ಲಿನ ಕೆಲಸ ತಲೆಮಾರುಗಳಿಂದ ಇದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲೇ ಕಡೆದು 1973ರಲ್ಲಿ ಸಾಗಿಸಿದ್ದು. ನಿಮ್ಮದು ಅಷ್ಟು ದೊಡ್ಡದಲ್ಲ, ಆದರೂ ಒಂದು ಘನ ಮೀಟರ್ ಗ್ರಾನೈಟ್ ಎರಡೂವರೆ ಟನ್ ಮೀರುತ್ತದೆ. ಲಾರಿ, ಕ್ರೇನು, ಅರಬೈಲ್ ಘಟ್ಟದ ತಿರುವುಗಳು, ಇವೆಲ್ಲಕ್ಕೂ ಹಣ ಬೇಕು, ಮತ್ತು ಮೇ ತಿಂಗಳೊಳಗೆ ಇಳಿಸಿಬಿಡಬೇಕು. ಸಣ್ಣ ಮಾದರಿಯನ್ನು ಮಾತ್ರ ಊರಿನ ಹತ್ತಿರವೇ ಮಾಡಿಸಿ ಎನ್ನುತ್ತೇನೆ. ಶಿರಸಿಯ ಗುಡಿಗಾರರ ಕೈಯಲ್ಲಿ ಮರದಲ್ಲಿ ಮೂಡಿದ ಎರಡಡಿಯ ಮಾದರಿ ನೋಡಿದರೆ ಹಣ ಕೊಡುವವರೂ ಹೆಚ್ಚು ಕೈ ಬಿಚ್ಚಿಯಾರು.

ಬುನಾದಿಯ ಮಾತು ಬೇಗ ಹೇಳುತ್ತೇನೆ, ಏಕೆಂದರೆ ಅದನ್ನು ಸ್ಟ್ರಕ್ಚರಲ್ ಎಂಜಿನಿಯರರ ಸಹಿ ಇಲ್ಲದೆ ನೀವು ಮಾಡಲೇಬಾರದು. ಒಂದು ಅಂದಾಜು ಸಾಕು. ಈ ಕರಾವಳಿಗೆ ಲೆಕ್ಕ ಹಾಕುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 90 ಕಿಲೋ ಭಾರದಷ್ಟು ಒತ್ತುತ್ತದೆ. ಹದಿನೈದು ಚದರ ಮೀಟರ್ ಮೈಯಿರುವ ಶಿಲ್ಪಕ್ಕೆ ಅದು ಒಂದು ಕಾರು ಒರಗಿದಂತೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತವನ್ನು ಕಂಡವರಿಗೆ ಇದು ಬರೀ ಕಾಗದದ ಲೆಕ್ಕ ಎನಿಸುವುದಿಲ್ಲ. ಕೆಳಗಿರುವುದು ಮರಳು ಎಂಬುದನ್ನೂ ಮರೆಯಬೇಡಿ.

ನೀವು ಕೇಳದಿದ್ದರೂ ಅನುಮತಿಯ ವಿಷಯ ಹೇಳಬೇಕು. ರಸ್ತೆ, ಕಾಲುದಾರಿ ಮುಂತಾದ ಸಾರ್ವಜನಿಕ ಜಾಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಅದೇ ಆದೇಶ ಬೀದಿಗಳ ಅಭಿವೃದ್ಧಿ, ಸೌಂದರ್ಯೀಕರಣದ ಕೆಲಸಗಳನ್ನು ಹೊರಗಿಟ್ಟಿದೆ. ಹೆಸರಿಲ್ಲದ ಮೀನುಗಾರರ ಶಿಲ್ಪ, ನಗರಸಭೆಯೇ ಕೈಗೊಳ್ಳುವ ಸೌಂದರ್ಯೀಕರಣದ ಭಾಗವಾಗಿ ಬಂದರೆ ನಿಮ್ಮ ವಾದಕ್ಕೆ ಬಲವಿದೆ. ನಾಯಕರೊಬ್ಬರ ಪ್ರತಿಮೆಯಾದರೆ ಇರುವುದಿಲ್ಲ. ಭರತದ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಇವೆ. ಜಾಗ ನಗರಸಭೆಯದೋ, ಕಂದಾಯ ಇಲಾಖೆಯದೋ, ಹೆದ್ದಾರಿಯವರದೋ ಎಂಬುದನ್ನು ಮೊದಲು ಕಾಗದದಲ್ಲಿ ನೋಡಿ. ಅನುಮತಿಗೆ ಓಡಾಡುವ ಮುನ್ನ ಒಂದು ಕೆಲಸ ಮಾಡಿ: ಶಿಲ್ಪದಷ್ಟೇ ಎತ್ತರ ಅಗಲದ ಬಿದಿರಿನ ಚೌಕಟ್ಟು ಕಟ್ಟಿ, ಕೇಳಿ ಒಪ್ಪಿಗೆ ಪಡೆದು, ಎರಡು ವಾರ ಅಲ್ಲಿ ನಿಲ್ಲಿಸಿ. ದೋಣಿ ಎಳೆಯುವ ದಾರಿಗೆ ಅಡ್ಡ ಬಂದರೆ, ಮೀನು ಒಣಗಿಸುವ ಜಾಗಕ್ಕೆ ನೆರಳಾದರೆ, ಆ ಎರಡು ವಾರದಲ್ಲಿ ಹೆಂಗಸರೇ ಬಂದು ಹೇಳುತ್ತಾರೆ. ಮೀನುಗಾರರ ಶಿಲ್ಪ ಮೀನುಗಾರರಿಗೇ ಅಡ್ಡ ನಿಂತರೆ ಅದಕ್ಕಿಂತ ಮುಜುಗರ ಬೇರೆ ಇಲ್ಲ.

ನಗರಸಭೆಯ ಹಣವೂ ಸೇರಿದರೆ ಟೆಂಡರ್ ಬರುತ್ತದೆ. ಸಾರ್ವಜನಿಕ ಖರೀದಿಗೆಂದು ಇರುವ 1999ರ ಪಾರದರ್ಶಕತೆ ಕಾಯ್ದೆ ಚರಂಡಿಗೂ ಶಿಲ್ಪಕ್ಕೂ ಒಂದೇ. ಕಡಿಮೆ ದರ ಹೇಳಿದವರಿಗೆ ಕೆಲಸ ಎನ್ನುವ ರೀತಿಯಲ್ಲಿ ಶಿಲ್ಪ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಪೂರ್ತಿ ಊರವರ ಹಣದಲ್ಲೇ ಮಾಡಿಸಿ ನಗರಸಭೆಗೆ ದಾನವಾಗಿ ಒಪ್ಪಿಸುವುದು ಹಗುರ. ಮೂವರು ಶಿಲ್ಪಿಗಳನ್ನು ಕರೆದು, ಮೂವರಿಗೂ ಮಾದರಿಯ ಖರ್ಚು ಕೊಟ್ಟು, ಒಂದನ್ನು ಆರಿಸಿ. ಆರಿಸಿದ ಮೇಲೆ ಮೀಸೆ ದಪ್ಪ ಮಾಡಿ, ಪಂಚೆಗೆ ಬಣ್ಣ ಹಚ್ಚಿ ಎಂದು ಸಮಿತಿಯವರು ಕೈ ಹಾಕಬಾರದು. ಹಣ ಕೊಟ್ಟು ಕೊಂಡ ಕೃತಿಯ ಮೇಲೂ ಕಲಾವಿದನಿಗೆ ನೈತಿಕ ಹಕ್ಕು ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಉಗ್ರಾಣಕ್ಕೆ ಹಾಕಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ ಕೇಂದ್ರ ಸರ್ಕಾರದ ವಿರುದ್ಧವೇ ದಾವೆ ಹೂಡಿ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು.

ಇಪ್ಪತ್ತೈದು ಲಕ್ಷ ಕೂಡಿದರೆ ಶಿಲ್ಪಿಯ ಮುಂದೆ ಹದಿನೈದು ಎಂದಷ್ಟೇ ಹೇಳಿ. ಉಳಿದದ್ದು ಬುನಾದಿ, ಸಾಗಣೆ, ಕ್ರೇನು, ಎಂಜಿನಿಯರು, ದೀಪ. ಅದರಲ್ಲೂ ಎರಡು ಮೂರು ಲಕ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂರಲಿ. ಅದರ ಬಡ್ಡಿ ತೊಳೆಯುವುದಕ್ಕೆ. ನಮ್ಮ ಜನ ಮನೆಯನ್ನು ಕಟ್ಟಿ ಮರೆಯುತ್ತಾರೆ, ದೋಣಿಯನ್ನು ಮರೆಯುವುದಿಲ್ಲ. ಜೂನ್ ಜುಲೈಯ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ ಬಿದ್ದಾಗ ದಡಕ್ಕೆ ಎಳೆದು, ಕೆರೆದು, ಬಣ್ಣ ಬಳಿದು ಇಡುತ್ತಾರೆ. ಟಾಗೋರ್ ಕಡಲತೀರದ ಚಾಪಲ್ ಯುದ್ಧನೌಕೆ ನೆಲಕ್ಕೆ ಬಂದು ವರ್ಷಗಳಾದರೂ ಅದಕ್ಕೂ ಬಣ್ಣ ತಪ್ಪಿದ್ದಲ್ಲ. ಶಿಲ್ಪವೂ ದೋಣಿಯ ಲೆಕ್ಕದ್ದೇ. ಕಲ್ಲಾದರೆ ಮಳೆಗಾಲ ಮುಗಿದ ಮೇಲೆ ಸಿಹಿನೀರು, ಮೆತ್ತನೆಯ ಬ್ರಷ್, ಕೀಲು ಸಂದುಗಳ ಒಂದು ಪರಿಶೀಲನೆ. ಕಂಚಾದರೆ ಅದರ ಮೇಲೆ ವರ್ಷಕ್ಕೊಮ್ಮೆ ಮೇಣ. ದಸರೆಯ ಆಯುಧಪೂಜೆಯ ದಿನ ಗೊತ್ತು ಮಾಡಿಕೊಂಡರೆ ಯಾರಿಗೂ ಮರೆಯುವುದಿಲ್ಲ.

ಕೊನೆಗೆ ಫಲಕ. ಶಿಲ್ಪಿಯ ಹೆಸರು, ಕಲ್ಲು ಎಲ್ಲಿಯದು, ಇಸವಿ, ಇಷ್ಟನ್ನು ಪೀಠದ ಗ್ರಾನೈಟಿನಲ್ಲೇ ಕೊರೆಸಿ. ದಾನಿಗಳ ಹೆಸರನ್ನು ಹಿತ್ತಾಳೆಯ ಅಕ್ಷರಗಳಲ್ಲಿ ಸ್ಕ್ರೂ ಹಾಕಿ ಕೂರಿಸಬೇಕೆಂದು ಯಾರಾದರೂ ಹಟ ಹಿಡಿಯುತ್ತಾರೆ. ಬೇಡವೆನ್ನಿ. ಎರಡನೆಯ ಮಳೆಗಾಲಕ್ಕೆ ಒಂದೆರಡು ಅಕ್ಷರ ಉದುರಿ, ಹಣ ಕೊಟ್ಟವರು ಯಾರೋ, ಹೆಸರು ಯಾರದೋ ಆಗಿರುತ್ತದೆ.