ಏಪ್ರಿಲ್‌ನಲ್ಲಿ ಯೂಟಾ: ಮರುಭೂಮಿಗೆ ಹೋಗುವಾಗ ಸ್ವೆಟರ್ ಬೇಕಾ?

ಓದುಗರ ಪ್ರಶ್ನೆ: ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಇಳಿದು, ಕಾರು ಬಾಡಿಗೆಗೆ ತಗೊಂಡು, ಅಮೆರಿಕದ ಯೂಟಾ ರಾಜ್ಯದ ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಂಡು ಮೋಆಬ್ ಊರಿನವರೆಗೆ ಹೋಗಬೇಕು ಅಂತಿದ್ದೇವೆ. ಎಲ್ಲಾ ಮರುಭೂಮಿ ಅಲ್ವಾ, ಬೇಸಿಗೆ ಬಟ್ಟೆ ಸಾಕಾ?

ಸಾಲದು. ಸ್ವೆಟರ್ ಅಷ್ಟೇ ಅಲ್ಲ, ಟೋಪಿ, ಗ್ಲೌಸ್, ಗಾಳಿ ತಡೆಯುವ ಒಂದು ಜಾಕೆಟ್ ಕೂಡ ಬೇಕು. ಜೊತೆಗೆ ಸನ್‌ಸ್ಕ್ರೀನೂ ಬೇಕು. ಒಂದೇ ದಿನದಲ್ಲಿ ಎರಡೂ ಕೆಲಸಕ್ಕೆ ಬರುತ್ತವೆ.

ಈ ಭಾಗದಲ್ಲಿ ವಸಂತ ಹೇಗಿರುತ್ತದೆ ಅಂತ ತಿಂಗಳು ನೋಡಿ ಹೇಳೋಕಾಗಲ್ಲ. ಎತ್ತರ ನೋಡಬೇಕು. ನಿಮ್ಮ ದಾರಿಯನ್ನೇ ತಗೊಳ್ಳಿ. ಝಯಾನ್ ಕಣಿವೆಯ ತಳ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಎರಡು ಗಂಟೆಯೊಳಗೆ ಬ್ರೈಸ್ ಸೇರುತ್ತೀರಿ, ಅದರ ಅಂಚು 2,400 ಮೀಟರ್ ದಾಟುತ್ತದೆ. ಆಮೇಲೆ ಎಸ್ಕಲಾಂಟೆ ಊರಿಗೆ ಇಳಿದರೆ 1,770. ಬೋಲ್ಡರ್ ಪರ್ವತದ ಮೇಲೆ ರಸ್ತೆ 2,900 ಮೀಟರ್‌ಗೆ ಏರುತ್ತದೆ. ಕ್ಯಾಪಿಟಲ್ ರೀಫ್‌ನ ಫ್ರೂಟಾ 1,650, ಮೋಆಬ್ ಮತ್ತೆ 1,200ರ ಹತ್ತಿರ. ಪ್ರತಿ ಸಾವಿರ ಮೀಟರ್ ಏರಿದಾಗ ಉಷ್ಣಾಂಶ ಸುಮಾರು 6ರಿಂದ 7 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಒಣಗಾಳಿಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಏಪ್ರಿಲ್‌ನ ಒಂದೇ ದಿನ ಝಯಾನ್‌ನಲ್ಲಿ ಮಧ್ಯಾಹ್ನ ಅರ್ಧ ತೋಳಿನ ಅಂಗಿ ಸಾಕು, ಬ್ರೈಸ್‌ನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ಫೋನಿನಲ್ಲಿ 'ಯೂಟಾ ಹವಾಮಾನ' ಅಂತ ಹುಡುಕಿ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. ಪ್ರತಿ ಊರಿನದ್ದೂ ಬೇರೆಬೇರೆ ನೋಡಿ.

ಬ್ರೈಸ್‌ಗೆ ಈ ಚಳಿ ಬೇಕೇ ಬೇಕು. ಅಲ್ಲಿನ ಕೆಂಪು ಕಲ್ಲಿನ ಕಂಬಗಳಿಗೆ ಹೂಡೂ ಅಂತಾರೆ. ಹಗಲು ಹಿಮ ಕರಗಿ ನೀರು ಬಂಡೆಯ ಬಿರುಕಿಗೆ ಇಳಿಯುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗುತ್ತದೆ, ಬಿರುಕು ಒಂದಿಷ್ಟು ಅಗಲವಾಗುತ್ತದೆ. ಬೆಳಗ್ಗೆ ಬಿಸಿಲು ಬಿದ್ದಾಗ ಕಲ್ಲಿನ ಚೂರುಗಳು ಉದುರುವ ಸದ್ದು ಕೇಳಿಸುವುದೂ ಉಂಟು. ಅಂದರೆ ನೀವು ಹೋಗುವ ಹೊತ್ತಿಗೆ ಕೆಲಸ ನಡೀತಾನೇ ಇರುತ್ತದೆ. ನನ್ನನ್ನು ಕೇಳಿದರೆ ಬ್ರೈಸ್ ನೋಡಲು ಜುಲೈಗಿಂತ ಏಪ್ರಿಲ್ ಎಷ್ಟೋ ಮೇಲು. ಆದರೆ ನಡೆಯುವ ದಾರಿಯೂ ಹೀಗೇ ಇರುತ್ತದೆ: ಬೆಳಗ್ಗೆ ನೆರಳಿರುವ ತಿರುವುಗಳಲ್ಲಿ ಗಟ್ಟಿ ಐಸ್, ಮಧ್ಯಾಹ್ನ ಅದೇ ಜಾಗದಲ್ಲಿ ಕೆಂಪು ಕೆಸರು. ಶೂಗೆ ತೊಡಿಸುವ ಮುಳ್ಳಿನ ಪಟ್ಟಿ ಒಂದು ಜೊತೆ ಇದ್ದರೆ ಧೈರ್ಯವಾಗಿ ಇಳಿಯಬಹುದು. ಅಲ್ಲಿನ ನವಾಹೋ ಲೂಪ್ ಎಂಬ ನಡಿಗೆ ದಾರಿಯ ವಾಲ್ ಸ್ಟ್ರೀಟ್ ಭಾಗವನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ. ಕಲ್ಲು ಬೀಳುವ ಅಪಾಯ ಇಳಿಯುವವರೆಗೆ ತೆರೆಯುವುದಿಲ್ಲ.

ಮೇಲಿನ ಹಿಮ ಕೆಳಗಿನ ಝಯಾನ್‌ನಲ್ಲೂ ಲೆಕ್ಕಕ್ಕೆ ಬರುತ್ತದೆ. ತುಂಬಾ ಜನ ಅಲ್ಲಿಗೆ ಹೋಗುವುದೇ ನ್ಯಾರೋಸ್‌ಗೆ, ಎರಡೂ ಕಡೆ ಗೋಡೆಯಂಥ ಬಂಡೆಗಳ ನಡುವೆ ವರ್ಜಿನ್ ನದಿಯಲ್ಲೇ ನಡೆಯುವುದಕ್ಕೆ. ಎತ್ತರದ ಪ್ರಸ್ಥಭೂಮಿಯ ಹಿಮ ಕರಗಿ ಬರುವ ನೀರು ವಸಂತದಲ್ಲಿ ಈ ನದಿಯನ್ನು ತುಂಬಿಸುತ್ತದೆ. ಹರಿವು ಸೆಕೆಂಡಿಗೆ 150 ಘನ ಅಡಿ ಮೀರಿದರೆ ದಾರಿ ಬಂದ್. ಹಿಮ ಜಾಸ್ತಿ ಬಿದ್ದ ವರ್ಷ ವಾರಗಟ್ಟಲೆ ಮುಚ್ಚಿರುತ್ತದೆ. ತೆರೆದಿದ್ದರೂ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ಬರಿ ಚಪ್ಪಲಿ, ಚಡ್ಡಿಯಲ್ಲಿ ಇಳಿಯಲೇಬೇಡಿ. ಪಕ್ಕದ ಸ್ಪ್ರಿಂಗ್‌ಡೇಲ್ ಊರಿನ ಅಂಗಡಿಗಳಲ್ಲಿ ಜಲನಿರೋಧಕ ಪ್ಯಾಂಟು, ಬೂಟು, ಕೋಲು ಬಾಡಿಗೆಗೆ ಸಿಗುತ್ತವೆ. ಇನ್ನು ಝಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಬಂಡೆ ಹತ್ತುವ ಆಸೆ ಇದ್ದರೆ, 2022ರ ಏಪ್ರಿಲ್‌ನಿಂದ ಅದಕ್ಕೆ ಲಾಟರಿ ಮೂಲಕ ಪರ್ಮಿಟ್ ಪಡೆಯಬೇಕು.

ಬ್ರೈಸ್‌ನಿಂದ ಮುಂದೆ ಹೆದ್ದಾರಿ 12. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಎಸ್ಕಲಾಂಟೆ ದಾಟಿದ ಮೇಲೆ ಹಾಗ್‌ಬ್ಯಾಕ್ ಅಂತ ಒಂದು ಕಿರಿದಾದ ಏಣು ಬರುತ್ತದೆ. ಎರಡೂ ಬದಿ ಕಮರಿ, ಕಾರು ಓಡಿಸುವವರು ಕಣ್ಣು ಆಚೀಚೆ ತಿರುಗಿಸಬಾರದು. ಆಮೇಲೆ ಬೋಲ್ಡರ್ ಎಂಬ ಪುಟ್ಟ ಊರು. 1930ರ ದಶಕದಲ್ಲೂ ಈ ಊರಿಗೆ ಟಪಾಲು ಹೇಸರಗತ್ತೆಯ ಮೇಲೆ ಬರುತ್ತಿತ್ತು. ಊರು ದಾಟಿ ಪರ್ವತ ಏರಿದರೆ ಏಪ್ರಿಲ್‌ನಲ್ಲೂ ರಸ್ತೆ ಬದಿ ಹಿಮ, ಎಲೆಯಿಲ್ಲದ ಆಸ್ಪೆನ್ ಮರಗಳು. ಹಿಮ ಬೀಳುವ ಸೂಚನೆ ಇದ್ದರೆ ಎಸ್ಕಲಾಂಟೆಯಲ್ಲೇ ಒಂದು ರಾತ್ರಿ ಉಳಿದುಬಿಡಿ. ಅದಕ್ಕಾಗಿ ಪ್ಲಾನಿನಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಪರ್ವತ ಇಳಿದು ಫ್ರೂಟಾ ತಲುಪಿದರೆ ನಿಜವಾದ ವಸಂತ ಸಿಗುತ್ತದೆ. 1880ರ ದಶಕದಲ್ಲಿ ಇಲ್ಲಿ ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಫ್ರೀಮಾಂಟ್ ನದಿಯ ನೀರನ್ನು ಕಾಲುವೆಗೆ ತಿರುಗಿಸಿ ಹಣ್ಣಿನ ತೋಟ ಮಾಡಿದರು. ಊರವರು ಹೋದರೂ ತೋಟ ಉಳಿದಿದೆ, ಈಗ ಪಾರ್ಕಿನವರೇ ನೋಡಿಕೊಳ್ಳುತ್ತಾರೆ. ಏಪ್ರಿಕಾಟ್ ಮಾರ್ಚ್‌ನಲ್ಲೇ ಹೂ ಬಿಡುತ್ತದೆ, ಆಮೇಲೆ ಚೆರ್ರಿ, ಪೀಚ್, ಪೇರ್, ಕೊನೆಗೆ ಸೇಬು. ಕೆಂಪು ಬಂಡೆಯ ಬುಡದಲ್ಲಿ ಬಿಳಿ, ಗುಲಾಬಿ ಹೂವು, ಮರದ ಕೆಳಗೆ ಮೇಯುವ ಜಿಂಕೆ. ಒಂದು ಗಂಟೆ ಅಲ್ಲಿ ಸುಮ್ಮನೆ ಕೂತರೂ ನಷ್ಟವಿಲ್ಲ.

ಸಣ್ಣ ಊರುಗಳ ವಿಷಯ ಎರಡು ಮಾತು. ಕೆಲವು ಹೋಟೆಲುಗಳು ಚಳಿಗಾಲ ಮುಗಿಸಿ ಆಗಷ್ಟೇ ತೆರೆಯುತ್ತಿರುತ್ತವೆ. ಭಾನುವಾರ ಬಾಗಿಲು ಹಾಕುವ ಅಂಗಡಿಗಳೂ ಇವೆ, ಅದಕ್ಕೆ ಶನಿವಾರವೇ ದಿನಸಿ, ಪೆಟ್ರೋಲು ತುಂಬಿಸಿಕೊಳ್ಳಿ. ಮೋಆಬ್‌ನಲ್ಲಿ ಸಮಸ್ಯೆ ಉಲ್ಟಾ. 1967ರಿಂದ ಈಸ್ಟರ್ ಹೊತ್ತಿಗೆ ಅಲ್ಲಿ ಒರಟು ದಾರಿಗಳಲ್ಲಿ ಜೀಪ್ ಓಡಿಸುವ 'ಜೀಪ್ ಸಫಾರಿ' ನಡೆಯುತ್ತದೆ, ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ.

ಮಳೆ ಬಂದರೆ ಮಣ್ಣಿನ ರಸ್ತೆಗೆ ಇಳಿಯಬೇಡಿ. ಕಾಟನ್‌ವುಡ್ ಕ್ಯಾನ್ಯನ್ ರಸ್ತೆಯಂಥ ಕಡೆ ಜೇಡಿಮಣ್ಣು ಒದ್ದೆಯಾದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿಯೂ ಜಾರುತ್ತದೆ.

ಟೆಂಟ್ ಹಾಕುವ ಆಸೆ ಇದ್ದರೆ ಅದನ್ನು ಝಯಾನ್‌ಗೋ ಮೋಆಬ್‌ಗೋ ಇಟ್ಟುಕೊಳ್ಳಿ. ಬ್ರೈಸ್‌ಗೆ ಹೀಟರ್ ಇರುವ ರೂಮು ಬುಕ್ ಮಾಡಿ.