ಪದ ಪರಿಚಯ: ಮಕ್ಕಳ ಅರಿವಳಿಕೆ ತಜ್ಞ

ಅರಿವು ಅಳಿಯುವುದು, ಅಂದರೆ ಎಚ್ಚರ ಇಲ್ಲವಾಗುವುದು, ‘ಅರಿವಳಿಕೆ’ಯ ನೇರ ಅರ್ಥ, ಆಡುಮಾತಿನಲ್ಲಿ ‘ಮತ್ತು ಕೊಡುವ ಡಾಕ್ಟರು’ ಎನ್ನುವುದೂ ಇದೇ ತಿಳಿವಳಿಕೆಯಿಂದ. ಪದ ಸೊಗಸಾಗಿದೆ, ಆದರೆ ಕೆಲಸದ ಅರ್ಧವನ್ನಷ್ಟೇ ಹೇಳುತ್ತದೆ. (ಸ್ಥಳೀಯ ಅರಿವಳಿಕೆಯಲ್ಲಂತೂ ಅರಿವು ಅಳಿಯುವುದೇ ಇಲ್ಲ.) ಎಚ್ಚರ ತಪ್ಪಿದ ಮೈಯೂ ಗಾಯಕ್ಕೆ ಸ್ಪಂದಿಸುತ್ತದೆ: ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಒತ್ತಡದ ಹಾರ್ಮೋನುಗಳು ಹೊಮ್ಮುತ್ತವೆ. ನಿದ್ದೆ ಬರಿಸುವುದು ಒಂದು ಕೆಲಸವಾದರೆ ನೋವು ತಡೆಯುವುದು ಇನ್ನೊಂದು.

ಈ ಎರಡನೆಯದು ಹಸುಗೂಸುಗಳ ವಿಷಯದಲ್ಲಿ ಬಹುಕಾಲ ಕಡೆಗಣನೆಗೆ ಒಳಗಾಗಿತ್ತು. ನವಜಾತ ಶಿಶುವಿನ ನರಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ಅದಕ್ಕೆ ನೋವು ಅಷ್ಟಾಗಿ ತಟ್ಟದು ಎಂಬ ನಂಬಿಕೆ 1980ರ ದಶಕದವರೆಗೂ ಪ್ರಬಲವಾಗಿತ್ತು. ಪ್ರಬಲ ನೋವುನಿವಾರಕ ಕೊಟ್ಟರೆ ಉಸಿರು ನಿಂತೀತೆಂಬ ಭಯವೂ ಜೊತೆಗಿತ್ತು. ನೋವನ್ನು ಒಯ್ಯುವ ಸಣ್ಣ ನರತಂತುಗಳಲ್ಲಿ ಹಲವಕ್ಕೆ ದೊಡ್ಡವರಲ್ಲೂ ಆ ಹೊದಿಕೆ ಇರುವುದಿಲ್ಲವೆಂಬುದನ್ನು ಈ ವಾದ ಮರೆತಿತ್ತು. ಎಷ್ಟೋ ಶಿಶುಗಳಿಗೆ ಸ್ನಾಯು ಸಡಿಲಿಸುವ ಔಷಧ ಮತ್ತು ನೈಟ್ರಸ್ ಆಕ್ಸೈಡ್ ಎಂಬ ಸೌಮ್ಯ ಅರಿವಳಿಕೆ ಅನಿಲ ಮಾತ್ರ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಸ್ನಾಯು ಸಡಿಲಗೊಂಡ ಮಗು ಅಳಲಾರದು, ಕೈಕಾಲು ಆಡಿಸಲಾರದು; ಅದು ಅಲುಗಾಡದಿದ್ದುದನ್ನೇ ನೋವಿಲ್ಲವೆಂದು ಬಗೆದದ್ದು ದೊಡ್ಡ ತಪ್ಪು. 1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಫೆಂಟಾನಿಲ್ ಎಂಬ ಪ್ರಬಲ ನೋವುನಿವಾರಕವನ್ನೂ ಸೇರಿಸಿ ಕೊಟ್ಟ ಅವಧಿಪೂರ್ವ ಶಿಶುಗಳಲ್ಲಿ ಹಾರ್ಮೋನುಗಳ ಏರಿಕೆಯೂ ನಂತರದ ತೊಡಕುಗಳೂ ಕಡಿಮೆ ಎಂದು ತೋರಿಸಿತು.

ಮಕ್ಕಳ ಅರಿವಳಿಕೆ ತಜ್ಞರು ಸಾಮಾನ್ಯ ಅರಿವಳಿಕೆ ಶಾಸ್ತ್ರದ ತರಬೇತಿಯ ಮೇಲೆ ಮಕ್ಕಳಿಗಾಗಿಯೇ ಇನ್ನಷ್ಟು ಕಲಿತಿರುತ್ತಾರೆ. ಅವರಲ್ಲಿ ಕೆಲವರ ಒಲವು ಶಸ್ತ್ರಚಿಕಿತ್ಸಾ ಕೊಠಡಿಯಾಚೆಗೆ, ನೋವಿನ ಚಿಕಿತ್ಸೆಯತ್ತ ಹೊರಳುವುದು ಸಹಜ. ಅಲ್ಲಿನ ಮೊದಲ ಸವಾಲೇ ನೋವನ್ನು ಗುರುತಿಸುವುದು. ಎಚ್ಚರಗೊಂಡು ಚೀರುತ್ತಿರುವ ಎರಡು ವರ್ಷದ ಮಗುವಿಗೆ ನೋಯುತ್ತಿದೆಯೋ, ಹಸಿವೋ, ಅಮ್ಮ ಕಾಣಲಿಲ್ಲವೆಂಬ ದಿಗಿಲೋ? ‘ಫ್ಲಾಕ್’ ಎಂಬ ಅಳತೆಗೋಲು ಮುಖಭಾವ, ಕಾಲುಗಳು, ಚಲನೆ, ಅಳು, ಸಮಾಧಾನಕ್ಕೆ ಬಗ್ಗುವಿಕೆ ಎಂಬ ಐದಕ್ಕೆ ತಲಾ 0ಯಿಂದ 2ರವರೆಗೆ ಅಂಕ ಕೊಡುತ್ತದೆ. ಎತ್ತಿಕೊಂಡ ಕೂಡಲೇ ಸುಮ್ಮನಾಗುವ ಮಗುವಿನ ಅಂಕ ಇಳಿಯುತ್ತದೆ; ಮಡಿಲಲ್ಲಿದ್ದರೂ ಮೊಣಕಾಲನ್ನು ಹೊಟ್ಟೆಗೆ ಸೆಳೆದುಕೊಂಡು ಗಲ್ಲ ನಡುಗಿಸುವ ಮಗುವಿನದು ಇಳಿಯದು. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಅಳುವಿಗಿಂತ ಕಾಲುಗಳೇ ಹೆಚ್ಚು ಹೇಳುತ್ತವೆ.

ಔಷಧದ ಪ್ರಮಾಣವನ್ನು ತೂಕ ನೋಡಿ ಲೆಕ್ಕ ಹಾಕುತ್ತಾರೆ, ಆದರೆ ತೂಕವೊಂದೇ ಸಾಲದು: ನವಜಾತ ಶಿಶುವಿನ ದೇಹ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕವನ್ನು ನಿಧಾನವಾಗಿ ಹೊರಹಾಕುತ್ತದೆ. ಕೋಡೀನ್ ಎಂಬ ಇನ್ನೊಂದು ನೋವುನಿವಾರಕವನ್ನು ಮಾರ್ಫಿನ್ ಆಗಿ ಬದಲಿಸುವ ಕೆಲಸ ಕೆಲವು ಮಕ್ಕಳ ಯಕೃತ್ತಿನಲ್ಲಿ ಅತಿ ವೇಗವಾಗಿ ನಡೆದು ಉಸಿರಾಟವೇ ಕುಗ್ಗಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ 12 ವರ್ಷದೊಳಗಿನವರಿಗೆ ಕೋಡೀನ್ ಸಲ್ಲದೆಂದಿತು. ಹರ್ನಿಯಾದಂಥ ಶಸ್ತ್ರಚಿಕಿತ್ಸೆಗೆ, ಮಗು ನಿದ್ದೆ ಹೋದ ಮೇಲೆ ಬೆನ್ನುಮೂಳೆಯ ತುದಿಯಲ್ಲಿ ಮರಗಟ್ಟಿಸುವ ಔಷಧ ಚುಚ್ಚುವ ‘ಕಾಡಲ್ ಬ್ಲಾಕ್’ ಬಳಕೆಯಲ್ಲಿದೆ. ಅದರಿಂದ ಎದ್ದ ಮಗು ಕೆಲ ಗಂಟೆ ಕಾಲು ಭಾರವಾಗಿದೆಯೆಂದು ಗೊಣಗಬಹುದು, ಗಾಯ ನೋಯುತ್ತಿದೆಯೆಂದು ಅಳುವುದು ಕಡಿಮೆ.